ಪಲ್ಲವಿಯಿಲ್ಲದ ಹಾಡುಗಳು

ಒಂದು ಕೃತಿಗೆ ಇಬ್ಬರು ಕರ್ತರು ಎಂದರೆ ನಮಗೆ ಮೊದಲು ನೆನಪಾಗುವುದು ಒಬ್ಬರು ಬಿಟ್ಟ ಕೆಲಸವನ್ನು ಇನ್ನೊಬ್ಬರು ಪೂರೈಸಿದ ಸಂಗತಿ. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದ. ಕುಮಾರವ್ಯಾಸ ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣಕವಿ ಮುಂದುವರಿಸಿದ. ಅಲ್ಲೆಲ್ಲ ಒಂದು ಕೈ ನಿಂತ ಮೇಲೆ ಇನ್ನೊಂದು ಕೈ ಲೇಖನಿ ಹಿಡಿದದ್ದು. ಎರಡು ಕೈಗಳೂ ಏಕಕಾಲದಲ್ಲಿ ಒಂದೇ ಮಡಕೆಯ ಮೇಲೆ ಆಡುವುದು ಬೇರೆ ಮಾತು. ಹಾಗೆ ಆಡಿದಾಗ ಮಡಕೆ ಓರೆಯಾಗುವುದೇ ಹೆಚ್ಚು. ಓರೆಯಾಗದೆ ನಿಂತ ಒಂದು ಕೃತಿಯನ್ನೂ ಲೋಕ ಅದನ್ನು ಬರಮಾಡಿಕೊಂಡ ಬಗೆಯನ್ನೂ ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕೆಂದಿದೆ.

ಕೃತಿಯ ಹೆಸರು ‘ಮ್ಯಾಡ್‌ವಿಲನಿ’. ಲಾಸ್ ಏಂಜಲಿಸಿನ ಸ್ಟೋನ್ಸ್ ಥ್ರೋ ಎಂಬ ಸಣ್ಣ ಸ್ವತಂತ್ರ ಸಂಸ್ಥೆ ಇದನ್ನು 2004ರ ಮಾರ್ಚ್ 23ರಂದು ಹೊರತಂದಿತು. ಮಾತು ಎಂ.ಎಫ್. ಡೂಮ್ ಎಂಬವರದು, ಸಂಗೀತ ಮ್ಯಾಡ್‌ಲಿಬ್ ಎಂಬವರದು. ಇಬ್ಬರೂ ಕೂಡಿದಾಗ ಇಟ್ಟುಕೊಂಡ ಹೆಸರು ಮ್ಯಾಡ್‌ವಿಲನ್. ಇಪ್ಪತ್ತೆರಡು ತುಣುಕುಗಳು, ಒಟ್ಟು ನಲವತ್ತಾರು ನಿಮಿಷ. ಹಿಪ್ ಹಾಪ್ ಜಾತಿಯ ಈ ಗಾನಸಂಪುಟಕ್ಕೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ಕೇಳುವ ವಾಚಕರು ಇದ್ದೇ ಇರುತ್ತಾರೆ. ಅವರಿಗೆ ನಮ್ಮ ಸಮಾಧಾನ ಇಷ್ಟೆ: ಈ ಕಲೆಯಲ್ಲಿ ಹಾಡುಗಾರಿಕೆ ಇಲ್ಲವೆಂಬಷ್ಟು ಕಡಮೆ. ಇದು ಲಯಕ್ಕೆ ಕಟ್ಟಿದ ಮಾತು. ಮಾತಿಗೆ ಕಟ್ಟುಪಾಡು ಬಂದ ಕಡೆ ಕಾವ್ಯದ ವಿಚಾರವೂ ಬಂದೇ ಬರುತ್ತದೆ.

ಹಿಪ್ ಹಾಪ್ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ, 1970ರ ದಶಕದಲ್ಲಿ. ವಾದ್ಯ ಕೊಳ್ಳಲು ಹಣವಿಲ್ಲದ ಕರಿಯ ತರುಣರು ಹಳೆಯ ಗ್ರಾಮಫೋನ್ ತಟ್ಟೆಗಳನ್ನೇ ವಾದ್ಯ ಮಾಡಿಕೊಂಡರು. ತಟ್ಟೆಯಲ್ಲಿ ತಾಳವಷ್ಟೇ ನುಡಿಯುವ ತುಣುಕನ್ನು ಹಿಡಿದು ಮತ್ತೆಮತ್ತೆ ತಿರುಗಿಸುವುದು, ಅದರ ಮೇಲೆ ಒಬ್ಬ ಪ್ರಾಸಬದ್ಧವಾಗಿ ಮಾತಾಡುವುದು. ಮೂಲ ಇಷ್ಟೇ ಸರಳ. ಮುಂದೆ ಸ್ಯಾಂಪ್ಲರ್ ಎಂಬ ಯಂತ್ರ ಬಂದು ತುಣುಕುಗಳನ್ನು ಸೆರೆಹಿಡಿದು ಬೇಕಾದಂತೆ ಹೆಣೆಯುವುದು ಸುಲಭವಾಯಿತು. ಹೀಗೆ ನೆಲ ಹಾಸುವವನೊಬ್ಬ, ಅದರ ಮೇಲೆ ನಡೆಯುವವನೊಬ್ಬ ಎಂಬ ಕೆಲಸದ ಹಂಚಿಕೆ ಈ ಕಲೆಗೆ ಹುಟ್ಟಿನಿಂದ ಬಂದದ್ದು. ‘ಮ್ಯಾಡ್‌ವಿಲನಿ’ಯ ವಿಶೇಷ ಈ ಹಂಚಿಕೆಯಲ್ಲಿಲ್ಲ, ಹಂಚಿಕೊಂಡ ಇಬ್ಬರ ಸ್ವಭಾವದಲ್ಲಿದೆ.

ಡೂಮ್ ಅವರ ಮನೆಯ ಹೆಸರು ಡೇನಿಯಲ್ ಡುಮಿಲೆ. ಹುಟ್ಟಿದ್ದು 1971ರಲ್ಲಿ ಲಂಡನ್ನಿನಲ್ಲಿ. ಬೆಳೆದದ್ದು ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನಲ್ಲಿ. ತಮ್ಮ ಸಬ್‌ರಾಕ್‌ನೊಡನೆ ಕೆ.ಎಂ.ಡಿ. ಎಂಬ ತಂಡ ಕಟ್ಟಿ, ಎಲೆಕ್ಟ್ರಾ ಎಂಬ ದೊಡ್ಡ ಸಂಸ್ಥೆಯ ಆಶ್ರಯದಲ್ಲಿ ಹೆಸರು ಮಾಡುತ್ತಿದ್ದರು. ಎರಡನೆಯ ಸಂಪುಟ ಮುಗಿಯುತ್ತಿದ್ದಾಗ, 1993ರಲ್ಲಿ, ತಮ್ಮ ಮೋಟಾರು ಅಪಘಾತದಲ್ಲಿ ತೀರಿಕೊಂಡ. ಮರುವರ್ಷ ಸಂಸ್ಥೆ ಆ ಸಂಪುಟವನ್ನು ಕೈಬಿಟ್ಟಿತು. ಕರಿಯರನ್ನು ಅಣಕಿಸುವ ಹಳೆಯ ವಿಕಾರಚಿತ್ರವೊಂದನ್ನು ಗಲ್ಲಿಗೇರಿಸಿದಂತೆ ಮುಖಪುಟದಲ್ಲಿ ಬರೆದಿತ್ತು. ಆ ಚಿತ್ರ ಅಣಕಕ್ಕೆ ಮಾಡಿದ ಖಂಡನೆ. ಆದರೂ ಸಂಸ್ಥೆ ಅಂಜಿತು. ತಮ್ಮನೂ ಹೋಗಿ ಕೃತಿಯೂ ಹೋದ ಮೇಲೆ ಈ ಮನುಷ್ಯ ಕೆಲವು ವರ್ಷ ಕಣ್ಣಿಗೇ ಬೀಳಲಿಲ್ಲ. ಆ ದಶಕದ ಕೊನೆಗೆ ನ್ಯೂಯಾರ್ಕಿನ ಕವಿಗೋಷ್ಠಿಯ ಕೆಫೆಯೊಂದರಲ್ಲಿ ಮುಖಕ್ಕೆ ಕಾಲುಚೀಲದ ಬಟ್ಟೆ ಹೊದ್ದು ಮತ್ತೆ ಕಾಣಿಸಿಕೊಂಡರು. ಮುಂದೆ ಅದು ಲೋಹದ ಮುಖವಾಡವಾಯಿತು. ಚಿತ್ರಕಥೆಯ ಖಳನೊಬ್ಬನ ಹೆಸರನ್ನು ತಿರುಚಿ ತಮ್ಮ ಹೆಸರನ್ನು ಮಾಡಿಕೊಂಡರು. 1999ರಲ್ಲಿ ಮೊದಲ ಸಂಪುಟ ಬಂತು. ಆ ಹೆಸರನ್ನು ದೊಡ್ಡಕ್ಷರಗಳಲ್ಲಿಯೇ ಬರೆಯಬೇಕೆಂದು ಅವರಿಗೊಂದು ಹಟ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲದ ನಮ್ಮ ಲಿಪಿಯಲ್ಲಿ ಆ ಹಟವನ್ನು ನಡೆಸಿಕೊಡುವುದಕ್ಕೂ ಆಗದು, ಮುರಿಯುವುದಕ್ಕೂ ಆಗದು.

ಮ್ಯಾಡ್‌ಲಿಬ್, ಎಂದರೆ ಓಟಿಸ್ ಜಾಕ್ಸನ್, ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್ ಪಟ್ಟಣದವರು, 1973ರಲ್ಲಿ ಹುಟ್ಟಿದವರು. ಮಾತು ಬಹಳ ಕಡಮೆ. ಹಳೆಯ ತಟ್ಟೆಗಳನ್ನು ಹುಡುಕುವುದು, ಕೇಳುವುದು, ಕತ್ತರಿಸುವುದು ಇದೇ ಅವರ ದಿನಚರಿ. ಸ್ಟೋನ್ಸ್ ಥ್ರೋದವರು ಮನೆಯನ್ನೇ ಕಚೇರಿ ಮಾಡಿಕೊಂಡಿದ್ದರು. ಆ ಮನೆಯ ಅಡಿಯಲ್ಲಿ ಬಾಂಬಿನ ಭಯಕ್ಕೆ ಹಿಂದೆ ಯಾರೋ ಕಟ್ಟಿಸಿದ್ದ ನೆಲಮಾಳಿಗೆಯೇ ಇವರ ಕಾರ್ಯಾಗಾರ. ತಾವು ಯಾರ ಜೊತೆ ಕೆಲಸಮಾಡಲು ಬಯಸುತ್ತೀರೆಂದು ಪತ್ರಿಕೆಯವರು 2002ರಲ್ಲಿ ಕೇಳಿದಾಗ ಇವರು ಎರಡು ಹೆಸರು ಹೇಳಿದರು: ಜೆ ಡಿಲ್ಲ ಮತ್ತು ಡೂಮ್. ಸಂಸ್ಥೆಯವರು ಡೂಮ್ ಅವರನ್ನು ಕರೆಸಿದರು. ಒಪ್ಪಂದವನ್ನು ಬರೆದದ್ದು ಒಂದು ಕಾಗದದ ತಟ್ಟೆಯ ಮೇಲೆ. ದೊಡ್ಡ ಸಂಸ್ಥೆಯ ಮುದ್ರೆಯೊತ್ತಿದ ಕರಾರು ಡೂಮ್ ಅವರ ಕೃತಿಯನ್ನು ಉಳಿಸಿರಲಿಲ್ಲ. ಊಟದ ತಟ್ಟೆಯ ಮೇಲಿನ ಕರಾರು ಉಳಿಸಿತು.

ಇವರಿಬ್ಬರೂ ಎದುರುಬದುರು ಕುಳಿತು ಚರ್ಚಿಸಿ ಕೃತಿ ಕಟ್ಟಿದರೆಂದು ಭಾವಿಸಿದರೆ ತಪ್ಪು. ಒಬ್ಬರು ಕೆಳಗೆ ನೆಲಮಾಳಿಗೆಯಲ್ಲಿ ಸಂಗೀತ ಹೆಣೆಯುತ್ತಿದ್ದರು, ಇನ್ನೊಬ್ಬರು ಮೇಲೆ ಕುಳಿತು ಬರೆಯುತ್ತಿದ್ದರು. ನಡುವೆ ಮಾತಿಗಿಂತ ಮೌನವೇ ಹೆಚ್ಚು. 2002ರ ನವೆಂಬರಿನಲ್ಲಿ ಮ್ಯಾಡ್‌ಲಿಬ್ ಬ್ರೆಜಿಲಿಗೆ ಹೋದರು. ಸಾವೊ ಪಾವ್ಲೊ ನಗರದ ಹೋಟೆಲಿನ ಕೋಣೆಯಲ್ಲಿ, ಕೈಪೆಟ್ಟಿಗೆಯಲ್ಲಿ ಹಿಡಿಸುವಂಥ ಒಂದು ಸ್ಯಾಂಪ್ಲರ್, ಹೊತ್ತೊಯ್ಯುವ ಗ್ರಾಮಫೋನು, ಒಂದು ಕ್ಯಾಸೆಟ್ ಯಂತ್ರ ಇಷ್ಟನ್ನೇ ಇಟ್ಟುಕೊಂಡು, ಆ ಊರಿನಲ್ಲಿ ಕೊಂಡ ತಟ್ಟೆಗಳಿಂದಲೇ ಹಲವು ಹಾಡುಗಳಿಗೆ ನೆಲ ಹಾಸಿದರು. ‘ರೇಡ್’, ‘ಸ್ಟ್ರೇಂಜ್ ವೇಸ್’, ‘ರೈನ್‌ಸ್ಟೋನ್ ಕೌಬಾಯ್’ ಹುಟ್ಟಿದ್ದು ಅಲ್ಲಿ.

ಆ ಪ್ರವಾಸದಲ್ಲಿಯೇ ವಿಪತ್ತು ಒದಗಿತು. ಅರ್ಧ ಸಿದ್ಧವಾಗಿದ್ದ ಕೃತಿಯ ಮಾದರಿ ಪ್ರತಿಯನ್ನು ಯಾರೋ ಕದ್ದರು. ಅಧಿಕೃತ ಬಿಡುಗಡೆಗೆ ಇನ್ನೂ ವರ್ಷಕ್ಕೆ ಮೇಲ್ಪಟ್ಟು ಕಾಲವಿರುವಾಗಲೇ ಅದು ಕಂಪ್ಯೂಟರುಗಳ ಮೂಲಕ ಸಾವಿರಾರು ಮಂದಿಯ ಕಿವಿ ಮುಟ್ಟಿತು. ಹಸ್ತಪ್ರತಿಯ ಕರಡನ್ನು ಕವಿಯ ಮೇಜಿನಿಂದ ಕದ್ದು ಬೀದಿಯಲ್ಲಿ ಹಂಚಿದಂತೆ. ಹಂಚಿದವರು ಇದನ್ನು ಅಭಿಮಾನವೆಂದೇ ತಿಳಿದಿದ್ದಿರಬಹುದು. ಕರ್ತರಿಬ್ಬರಿಗೂ ಮನಸ್ಸು ಮುರಿಯಿತು. ಇಬ್ಬರೂ ಬೇರೆ ಬೇರೆ ಕೆಲಸಗಳಿಗೆ ತಿರುಗಿದರು. ಸಣ್ಣ ಸಂಸ್ಥೆಗೆ ಇದರಿಂದ ಆದ ಪೆಟ್ಟನ್ನು ಯಾರೂ ಊಹಿಸಬಹುದು.

ಆದರೆ ಮುಂದೆ ನಡೆದದ್ದು ವಿಮರ್ಶಕನಿಗೆ ಮುಖ್ಯ. ಕೊನೆಗೆ ಮತ್ತೆ ಕೂಡಿದಾಗ ಡೂಮ್ ಬರೆದದ್ದನ್ನೆಲ್ಲ ಹೊಸದಾಗಿ ನುಡಿದರು. ಮೊದಲ ಪ್ರತಿಯಲ್ಲಿ ಅವರ ದನಿ ಏರಿದ್ದು, ಚುರುಕಾಗಿದ್ದು, ಸಭೆಯನ್ನು ಎದುರಿಗಿಟ್ಟುಕೊಂಡಂತೆ ಇತ್ತು. ಎರಡನೆಯದರಲ್ಲಿ ದನಿ ಇಳಿಯಿತು. ಪಕ್ಕದ ಕುರ್ಚಿಯಲ್ಲಿ ಕುಳಿತವನು ತನ್ನಷ್ಟಕ್ಕೆ ಗೊಣಗಿಕೊಳ್ಳುವಂತೆ, ತಾಳಕ್ಕಿಂತ ಒಂದು ಕೂದಲೆಳೆ ಹಿಂದೆ ನಿಂತು ಮಾತು ಬರುತ್ತದೆ. ಎರಡನ್ನೂ ಕೇಳಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟವಲ್ಲ. ಮೊದಲನೆಯದು ಕೇಳುಗರನ್ನು ಒಲಿಸಿಕೊಳ್ಳಲು ಹೊರಟದ್ದು. ಎರಡನೆಯದು ಬೇಕಾದವರು ಹತ್ತಿರ ಬಂದು ಕೇಳಲಿ ಎನ್ನುವಂಥದು. ಕೃತಿಯ ಜೀವ ಈ ಇಳಿದ ದನಿಯಲ್ಲಿಯೇ ಇದೆ ಎಂದು ನಮ್ಮ ಅಭಿಪ್ರಾಯ. ಕಳ್ಳತನದಿಂದ ಒಳ್ಳೆಯದಾಯಿತೆಂದು ಇದರ ಅರ್ಥವಲ್ಲ. ಕೆಡುಕನ್ನು ತಿದ್ದುವ ಅವಕಾಶವಾಗಿ ಮಾಡಿಕೊಂಡ ತಾಳ್ಮೆ ಕರ್ತರದು. ಆ ಕೀರ್ತಿ ಕದ್ದವರಿಗೆ ಸಲ್ಲತಕ್ಕದ್ದಲ್ಲ.

ಇನ್ನು ಕೃತಿಯ ಒಳಗೆ ಬರೋಣ. ಕೇಳಿದ ಕೂಡಲೆ ಗಮನಕ್ಕೆ ಬರುವುದು ಪಲ್ಲವಿಯ ಅಭಾವ. ಜನ ಮೆಚ್ಚುವ ಹಾಡಿಗೆ ಪಲ್ಲವಿ ಬೇಕು. ಕೇಳುಗ ಮರಳಿಮರಳಿ ಬಂದು ಕುಳಿತುಕೊಳ್ಳುವ ಜಗಲಿ ಅದು. ಇಲ್ಲಿ ಬಹುಪಾಲು ಹಾಡುಗಳಿಗೆ ಆ ಜಗಲಿಯೇ ಇಲ್ಲ. ಮಾತು ಶುರುವಾಗುತ್ತದೆ, ನಡೆಯುತ್ತದೆ, ಮುಗಿಯುತ್ತದೆ. ‘ಅಕಾರ್ಡಿಯನ್’ ಎಂಬ ಹಾಡು ಎರಡು ನಿಮಿಷವೂ ಇಲ್ಲ. ನಿಟ್ಟುಸಿರಿನಂತೆ ಎಳೆಯುವ ಒಂದೇ ಸ್ವರಗುಚ್ಛ ಕೆಳಗೆ ತಿರುಗುತ್ತಿದ್ದಂತೆ ಮೇಲೆ ಮಾತು ಎಡೆಬಿಡದೆ ಹರಿದು ಹೋಗುತ್ತದೆ. ‘ಇನ್ನೊಂದು ಸಾರಿ’ ಎಂದು ಕೇಳುಗ ಬಯಸುವ ಹೊತ್ತಿಗೆ ಹಾಡು ಇಲ್ಲ. ‘ರೇಡ್’ನಲ್ಲಿ ಬಿಲ್ ಎವಾನ್ಸ್ ಅವರ ಪಿಯಾನೊದ ಗಂಭೀರ ಸ್ವರಗಳು ಬಾಗಿಲು ತೆರೆದು, ಮರುಕ್ಷಣ ಬ್ರೆಜಿಲಿನ ಸಂತೆಯೊಳಕ್ಕೆ ನಮ್ಮನ್ನು ನೂಕುತ್ತವೆ.

ಪ್ರಾಸದ ಮಾತು ಕನ್ನಡದ ವಾಚಕರಿಗೆ ರುಚಿಸೀತು. ಎರಡನೆಯ ಅಕ್ಷರದ ಪ್ರಾಸವನ್ನು ಸಾವಿರ ವರ್ಷ ಪಾಲಿಸಿಕೊಂಡು ಬಂದವರು ನಾವು. 1911ರಲ್ಲಿ ಗೋವಿಂದ ಪೈಗಳು ಅದನ್ನು ಬಿಟ್ಟಾಗ ಸಂಕೋಲೆ ಕಳಚಿತೆಂದು ಹಿಗ್ಗಿದವರೂ ನಾವೇ. ಪ್ರಾಸವೆಂದರೆ ಕಟ್ಟು, ಕಟ್ಟೆಂದರೆ ಕೃತಕ ಎಂಬ ಭಾವನೆ ಅಂದಿನಿಂದ ನಮ್ಮಲ್ಲಿ ಬೇರೂರಿದೆ. ಡೂಮ್ ಅವರ ಪ್ರಾಸ ಈ ಭಾವನೆಯನ್ನು ಅಲುಗಾಡಿಸುತ್ತದೆ. ಅದು ಪಾದದ ಕೊನೆಯಲ್ಲಿ ಕಾಯುತ್ತ ನಿಲ್ಲುವುದಿಲ್ಲ. ಮೂರುನಾಲ್ಕು ಅಕ್ಷರಗಳ ಗುಂಪೇ ಪ್ರಾಸವಾಗಿ ಪಾದದ ನಡುವೆ, ಆರಂಭದಲ್ಲಿ, ಎಲ್ಲೆಂದರಲ್ಲಿ ಇಣುಕುತ್ತದೆ; ವಾಕ್ಯ ಮಾತ್ರ ತನ್ನ ಪಾಡಿಗೆ ಪಾದವನ್ನು ದಾಟಿ ಹೋಗಿರುತ್ತದೆ. ಯತಿಯನ್ನು ಲೆಕ್ಕಿಸದೆ ಖಂಡಪ್ರಾಸವನ್ನು ಮೆಚ್ಚಿದ ಕನ್ನಡ ಕವಿಗಳ ಮಾತು ಕವಿರಾಜಮಾರ್ಗದಲ್ಲಿ ಬರುತ್ತದಷ್ಟೆ. ಆ ಸ್ವಾತಂತ್ರ್ಯದ ಸೊಗಸು ಎಂಥದೆಂದು ಲಕ್ಷಣಗ್ರಂಥದಲ್ಲಿ ಓದಿ ತಿಳಿಯದಿದ್ದವರು ಇಲ್ಲಿ ಕಿವಿಯಿಂದ ತಿಳಿಯಬಹುದು. ಇಷ್ಟು ಬಿಗಿಯಾದ ಕಟ್ಟಿನಲ್ಲಿ ಮಾತು ಇಷ್ಟು ಸೋಮಾರಿಯಾಗಿ, ಹರಟೆಯಂತೆ ಕೇಳಿಸುವುದೇ ಆಶ್ಚರ್ಯ.

ಆ ಹರಟೆಯಲ್ಲಿ ‘ನಾನು’ ಎಂಬುದು ಆಗಾಗ ಮಾಯವಾಗುತ್ತದೆ. ‘ಖಳ’ ಹೀಗೆ ಮಾಡಿದ, ‘ಖಳ’ ಹಾಗೆ ಅಂದ ಎಂದು ತನ್ನ ಕಥೆಯನ್ನೇ ಪರರ ಕಥೆಯಂತೆ ಹೇಳುವುದು ಇವರ ರೀತಿ. ಆತ್ಮಪ್ರಶಂಸೆಯೇ ಕುಲಧರ್ಮವಾದ ಒಂದು ಕಲೆಯಲ್ಲಿ ಇದು ಸಣ್ಣ ಮಾತಲ್ಲ. ‘ಫ್ಯಾನ್ಸಿ ಕ್ಲೌನ್’ ಹಾಡಿನಲ್ಲಿ ಮೋಸಹೋದ ಪ್ರಿಯನೊಬ್ಬ ತನ್ನವಳನ್ನು ಬಯ್ಯುತ್ತಾನೆ: ಯಾರೋ ಮುಖವಾಡದವನಿಗಾಗಿ ಅವಳು ತನ್ನನ್ನು ಬಿಟ್ಟಳೆಂದು. ಬಯ್ಯುವ ಪಾತ್ರವೂ ಡೂಮ್ ಅವರದೇ, ಆ ಮುಖವಾಡದವನೂ ಅವರೇ! ನಗೆಯ ಒಳಗೆ, ಒಬ್ಬ ಮನುಷ್ಯ ತನ್ನನ್ನು ತಾನೇ ಕಳೆದುಕೊಂಡ ನೋವು ಇಣುಕುತ್ತದೆ. ರನ್ನನ ದುರ್ಯೋಧನನನ್ನು ಮೆಚ್ಚಿದ ನಮಗೆ ಖಳನ ಬಾಯಿಂದ ಕರುಣವನ್ನು ಕೇಳುವುದು ಹೊಸದಲ್ಲ. ‘ಸ್ಟ್ರೇಂಜ್ ವೇಸ್’ನಲ್ಲಿ ಮಾತ್ರ ಮುಖವಾಡ ಸ್ವಲ್ಪ ಸಡಲುತ್ತದೆ. ಬೀದಿಯಲ್ಲಿ ಪೊಲೀಸರೂ ಕಳ್ಳವ್ಯಾಪಾರಿಗಳೂ ನಡೆಸುವ ಬೇಟೆ, ದೂರದಲ್ಲಿ ನಡೆಯುವ ಯುದ್ಧ, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಇರಾಕಿನ ಯುದ್ಧ ಆರಂಭವಾಗಿ ಆಗ ಒಂದು ವರ್ಷ. ದನಿ ಅಲ್ಲಿಯೂ ಏರುವುದಿಲ್ಲ.

ಎರವಲಿನ ಪ್ರಶ್ನೆಯನ್ನು ಎತ್ತದೆ ಬಿಡುವಂತಿಲ್ಲ. ಅನ್ಯರ ತಟ್ಟೆಗಳನ್ನು ಕತ್ತರಿಸಿ ಹೆಣೆದದ್ದು ಸೃಷ್ಟಿಯೆ? ವ್ಯಾಸರಿಂದ ಕಥೆ ಪಡೆದು ಪಂಪನೂ ಕುಮಾರವ್ಯಾಸನೂ ಮಾಡಿದ್ದೇನೆಂದು ಬಲ್ಲ ನಾವು ಈ ಪ್ರಶ್ನೆಗೆ ಬೆದರಬೇಕಾಗಿಲ್ಲ. ಆದರೆ ಹೋಲಿಕೆ ಪೂರ್ತಿ ಸಲ್ಲದು. ಅಲ್ಲಿ ಪಡೆದದ್ದು ವಸ್ತು. ಇಲ್ಲಿ ಪಡೆದದ್ದು ಇನ್ನೊಬ್ಬ ಕಲಾವಿದನ ಬೆರಳಿನ ಸ್ಪರ್ಶ, ಕೊರಳಿನ ದನಿ. ‘ರೈನ್‌ಸ್ಟೋನ್ ಕೌಬಾಯ್’ನಲ್ಲಿ ಬ್ರೆಜಿಲಿನ ಗಾಯಕಿ ಮರಿಯಾ ಬೆತಾನಿಯ ಅವರ ಧ್ವನಿಮುದ್ರಿಕೆಯ ತುಣುಕಿದೆ. ‘ಶ್ಯಾಡೋಸ್ ಆಫ್ ಟುಮಾರೊ’ದಲ್ಲಿ ಜ್ಯಾಜ್ ಸಂಗೀತದ ದಾರ್ಶನಿಕ ಸನ್ ರಾ ಅವರ ಮಾತುಗಳ ಕೆಳಗೆ ನಮ್ಮ ಆರ್.ಡಿ. ಬರ್ಮನ್ ಅವರ ಹಿಂದಿ ಚಿತ್ರಗೀತೆಯೊಂದರ ಸದ್ದು ಕೇಳುತ್ತದೆ. ಭಾರತದ ಚಿತ್ರಸಂಗೀತದಿಂದಲೇ ಮ್ಯಾಡ್‌ಲಿಬ್ 2007ರಲ್ಲಿ ಬೇರೊಂದು ಸಂಪುಟವನ್ನೂ ಹೆಣೆದರು. ಬರ್ಮನ್ ಅವರ ಹಾಡು ಕೇಳಿ ಬೆಳೆದವರಿಗೆ ಆ ತುಣುಕು ಒಂದು ಕ್ಷಣ ಗುರುತು ಸಿಕ್ಕಂತಾಗಿ ಮರುಕ್ಷಣ ಅಪರಿಚಿತವಾಗುತ್ತದೆ. ಆ ವಿಸ್ಮಯವನ್ನು ಉಂಟುಮಾಡುವುದು ಕತ್ತರಿಸಿದವನ ಪ್ರತಿಭೆ. ಮೂಲದವರ ಋಣವನ್ನು ಒಪ್ಪಿ ಸಲ್ಲಿಸುವುದು ಅವನ ಧರ್ಮ. ಒಂದಿದೆಯೆಂದು ಇನ್ನೊಂದನ್ನು ಮನ್ನಿಸಲಾಗದು.

ಕೃತಿಯಲ್ಲಿ ದೋಷಗಳಿಲ್ಲದೆ ಇಲ್ಲ. ಕೆಲವು ತುಣುಕುಗಳು ತುಣುಕುಗಳಾಗಿಯೇ ಉಳಿದಿವೆ. ಅವುಗಳ ಅಪೂರ್ಣತೆಯಲ್ಲಿ ಉದ್ದೇಶ ಕಾಣುವುದು ಅಭಿಮಾನಿಯ ಔದಾರ್ಯವೇ ಹೊರತು ವಿಮರ್ಶೆಯಲ್ಲ. ಮಾದಕದ ಹೊಗೆಯನ್ನು ಕೊಂಡಾಡುವ ಹಾಡು ಬೇಗ ಬೇಸರ ತರಿಸುತ್ತದೆ. ಹೆಣ್ಣಿನ ವಿಷಯದಲ್ಲಿ ಈ ಖಳನ ನಾಲಗೆ ಆ ಕಲೆಯ ಸಾಮಾನ್ಯ ಒರಟುತನಕ್ಕಿಂತ ಮೇಲೇರಿಲ್ಲ. ‘ಫ್ಯಾನ್ಸಿ ಕ್ಲೌನ್’ನ ಹೆಣ್ಣಿಗೆ ಉತ್ತರ ಹೇಳುವ ಅವಕಾಶವೇ ಇಲ್ಲ. ಸ್ಟೇಸಿ ಎಪ್ಸ್ ಹಾಡಿದ ‘ಐ’ ಎಂಬ ಒಂದು ಪುಟ್ಟ ಗೀತೆ ಈ ಗಂಡುದನಿಗಳ ನಡುವೆ ತಂಗಾಳಿಯಂತೆ ಬಂದು ಹೋಗುತ್ತದೆ. ಇನ್ನಷ್ಟು ಇರಬೇಕಿತ್ತು ಎನಿಸುತ್ತದೆ.

ಇನ್ನು ಲೋಕ ಬರಮಾಡಿಕೊಂಡ ಬಗೆ. ಇದೇ ದಿನ, 2004ರ ಮಾರ್ಚ್ 23ರಂದೇ, ಅಮೆರಿಕದಲ್ಲಿ ಅಷರ್ ಎಂಬ ಜನಪ್ರಿಯ ಗಾಯಕರ ಸಂಪುಟವೂ ಹೊರಬಂತು. ಮೊದಲ ವಾರದಲ್ಲಿಯೇ ಅದು ಸುಮಾರು 11 ಲಕ್ಷ ಪ್ರತಿ ಮಾರಾಟವಾಯಿತು. ‘ಮ್ಯಾಡ್‌ವಿಲನಿ’ ಮಾರಾಟದ ಪಟ್ಟಿಯಲ್ಲಿ ಏರಿದ ಅತ್ಯಂತ ಎತ್ತರದ ಮೆಟ್ಟಿಲು 179ನೆಯದು. ವಿಮರ್ಶಕರು ಮಾತ್ರ ಆರಂಭದಲ್ಲೇ ಕೈಹಿಡಿದರು. ಹಿಪ್ ಹಾಪ್ ಕಡೆಗೆ ಅಪರೂಪಕ್ಕೆ ತಿರುಗಿ ನೋಡುತ್ತಿದ್ದ ನ್ಯೂಯಾರ್ಕರ್‌ನಂಥ ಪತ್ರಿಕೆ ಕೂಡ ಬರೆಯಿತು. ಬಾಯಿಂದ ಬಾಯಿಗೆ ಹರಡಿ ಕೃತಿ ನಿಧಾನವಾಗಿ ಮಾರಾಟವಾಗುತ್ತ ಹೋಯಿತು. ಮನೆಯಲ್ಲಿ ನಡೆಯುತ್ತಿದ್ದ ಸಂಸ್ಥೆ ಅದರ ಆದಾಯದಿಂದ ಬೇರೆ ಕಚೇರಿ ತೆರೆಯುವಂತಾಯಿತು. 2020ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಸಿದ್ಧಪಡಿಸಿದ ಸಾರ್ವಕಾಲಿಕ ಐನೂರು ಸಂಪುಟಗಳ ಪಟ್ಟಿಯಲ್ಲಿ ಇದಕ್ಕೆ 365ನೆಯ ಸ್ಥಾನ ದೊರೆಯಿತು.

ಅದೇ ವರ್ಷ ಅಕ್ಟೋಬರ್ 31ರಂದು ಡೂಮ್ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ತೀರಿಕೊಂಡರು, ನಲವತ್ತೊಂಬತ್ತು ವರ್ಷ. ತಾವು ಬೆಳೆದ ಅಮೆರಿಕ 2010ರಲ್ಲಿ ಅವರನ್ನು ಮರಳಿ ಒಳಗೆ ಬಿಟ್ಟಿರಲಿಲ್ಲ. ಅವರಲ್ಲಿ ಅಲ್ಲಿನ ಪೌರತ್ವದ ಕಾಗದವಿರಲಿಲ್ಲ. ಸುದ್ದಿ ಲೋಕಕ್ಕೆ ತಿಳಿದದ್ದು ಎರಡು ತಿಂಗಳ ಮೇಲೆ, ವರ್ಷದ ಕೊನೆಯ ದಿನ. ಬಳಿಕ ಮುಖವಾಡದ ಆರಾಧನೆಗೆ ಮೇರೆಯಿಲ್ಲದಂತಾಯಿತು. ಅಂಗಿಯ ಮೇಲೆ ಮುಖವಾಡ, ಗೋಡೆಯ ಮೇಲೆ ಮುಖವಾಡ. 2004ರಲ್ಲಿ ಸಂಪುಟದ ಹೊದಿಕೆಯ ಮೇಲೆ ಕಪ್ಪುಬಿಳುಪಿನಲ್ಲಿ ಕಣ್ಣಷ್ಟೇ ಕಾಣುವಂತೆ ಮುದ್ರಿಸಿದ್ದ ಆ ಲೋಹದ ಮುಖ ಇಂದು ಕೃತಿಗಿಂತ ಹೆಚ್ಚು ಪರಿಚಿತ.

ಇದೊಂದು ವಿಪರ್ಯಾಸ. ಮುಖವನ್ನು ನೋಡಬೇಡಿ, ಮಾತನ್ನು ಕೇಳಿ ಎನ್ನುವುದಕ್ಕಾಗಿ ಆ ಮನುಷ್ಯ ಮುಖ ಮುಚ್ಚಿಕೊಂಡದ್ದು. ತಮ್ಮ ಬದಲು ಬೇರೊಬ್ಬರಿಗೆ ಮುಖವಾಡ ತೊಡಿಸಿ ವೇದಿಕೆಗೆ ಕಳಿಸಿದ್ದೂ ಉಂಟು. ಹಣ ಕೊಟ್ಟು ಬಂದವರು ಸಿಟ್ಟಾದರು; ಅದು ನ್ಯಾಯವೆ. ಆದರೂ ಅವರು ತಮ್ಮ ನಡತೆಯನ್ನು ಸಮರ್ಥಿಸಿಕೊಂಡದ್ದರಲ್ಲಿ ಒಂದು ತಿರುಳಿದೆ: ನೀವು ಬಂದದ್ದು ನೋಡಲಿಕ್ಕೋ, ಕೇಳಲಿಕ್ಕೋ? ಮೊದಲು ಕಳವಿನ ಪ್ರತಿಗೆ ಮುಗಿಬಿದ್ದವರಿಗೂ, ಈಗ ಮುಖವಾಡಕ್ಕೆ ಕೈಮುಗಿಯುವವರಿಗೂ ಈ ಪ್ರಶ್ನೆ ಒಂದೇ ಬಗೆಯಲ್ಲಿ ಅನ್ವಯಿಸುತ್ತದೆ. ಇಬ್ಬರಿಗೂ ಕೃತಿ ಬೇಗ ತಮ್ಮದಾಗಬೇಕು. ಅವಸರಕ್ಕೆ ಒಲಿಯದಂತೆ ಕಟ್ಟಿದ ಕೃತಿಗೆ ದೊರೆತದ್ದೆಲ್ಲ ಹೆಚ್ಚಾಗಿ ಅವಸರದ ಸ್ವಾಗತವೇ. ಇದರ ಎರಡನೆಯ ಭಾಗ ಬರುವುದೆಂದು ಜನ ವರ್ಷಗಟ್ಟಲೆ ಕಾದರು. ಅದು ಬರಲಿಲ್ಲ. 2025ರ ಜನವರಿಯಲ್ಲಿ ಲಾಸ್ ಏಂಜಲಿಸಿನ ಕಾಳ್ಗಿಚ್ಚಿನಲ್ಲಿ ಮ್ಯಾಡ್‌ಲಿಬ್ ಅವರ ಮನೆಯೂ ದಶಕಗಳ ಸಂಗೀತಸಾಮಗ್ರಿಯೂ ಸುಟ್ಟುಹೋದವು.

ಹೀಗಾಗಿ ನಮಗುಳಿದಿರುವುದು ಈ ನಲವತ್ತಾರು ನಿಮಿಷ. ಇಂಗ್ಲಿಷ್ ಬಲ್ಲವರಿಗೂ ಮೊದಲ ಸಾರಿ ಕೇಳಿದಾಗ ಅರ್ಧ ಮಾತು ಹಿಡಿಯುವುದಿಲ್ಲ, ಅದಕ್ಕೆ ನಾಚಬೇಕಾಗಿಲ್ಲ. ಮೊದಲು ಲಯಕ್ಕೆ ಕಿವಿಗೊಟ್ಟು, ಎರಡನೆಯ ಸಾರಿ ಮಾತಿಗೆ ಕಿವಿಗೊಟ್ಟು, ಬಿಡಿ ಹಾಡುಗಳನ್ನು ಆರಿಸದೆ ಮೊದಲಿನಿಂದ ಕೊನೆಯವರೆಗೆ ಕೇಳುವುದು ಲೇಸು. ಇಪ್ಪತ್ತೆರಡನೆಯ ಹಾಡಿನಲ್ಲಿ ಕರ್ತರು ಕಳವಾದ ಪ್ರತಿಯ ವಿಷಯವನ್ನೇ ಎತ್ತಿ ಮೆಲ್ಲನೆ ನಗುತ್ತಾರೆ. ಅಲ್ಲಿಯವರೆಗೆ ತಾಳ್ಮೆಯಿಂದ ಬಂದ ಕೇಳುಗರಿಗೆ ಆ ನಗೆಯಲ್ಲಿ ಪಾಲುಂಟು.